ಅಲ್ಪಸಂಖ್ಯಾತರ ಒಪ್ಪಂದ ಉಲ್ಲಂಘನೆಯಾದರೆ ನೇರವಾಗಿ ಸ್ಟ್ರಾಸ್‌ಬರ್ಗ್‌ಗೆ ದೂರು ಕೊಡಬಹುದೇ?

ನೀವು ಕೇಳಿದ್ದು, ಯುರೋಪಿನ ಅಲ್ಪಸಂಖ್ಯಾತ ಸಮುದಾಯವಾದ ರೋಮಾ ಜನರ ಕುಟುಂಬವೊಂದು ಯುರೋಪಿನ ರಾಷ್ಟ್ರೀಯ ಅಲ್ಪಸಂಖ್ಯಾತರ ಚೌಕಟ್ಟು ಒಪ್ಪಂದದ ಅಡಿಯಲ್ಲಿ ಸ್ಟ್ರಾಸ್‌ಬರ್ಗ್‌ಗೆ, ಅಂದರೆ ಅಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ, ದೂರು ಕೊಡಬಹುದೇ ಎಂದು. ಆಗುವುದಿಲ್ಲ. 1998ರಲ್ಲಿ ಜಾರಿಗೆ ಬಂದ ಆ ಒಪ್ಪಂದದಲ್ಲಿ ವ್ಯಕ್ತಿಗತ ದೂರಿಗೆ ಅವಕಾಶವೇ ಇಲ್ಲ. ಸರ್ಕಾರಗಳು ವರದಿ ಕೊಡುತ್ತವೆ, ಸಲಹಾ ಸಮಿತಿ ಪರಿಶೀಲಿಸುತ್ತದೆ, ಅಷ್ಟೇ. ಫ್ರಾನ್ಸ್ ಅಂತೂ ಸಹಿಯನ್ನೇ ಹಾಕಿಲ್ಲ.

ದಾರಿ ಇರುವುದು ಆ ನ್ಯಾಯಾಲಯ ಜಾರಿಗೊಳಿಸುವ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯಲ್ಲಿ. ಅದರ 14ನೇ ವಿಧಿ ತಾರತಮ್ಯವನ್ನು ನಿಷೇಧಿಸುತ್ತದೆ, ಆದರೆ ಒಂಟಿಯಾಗಿ ನಿಲ್ಲುವುದಿಲ್ಲ, ಒಡಂಬಡಿಕೆಯ ಬೇರೊಂದು ಹಕ್ಕಿನ ಜೊತೆಗೇ ಬರಬೇಕು. ಶಾಲೆಯ ವಿಷಯವಾದರೆ ಒಡಂಬಡಿಕೆಗೆ ಸೇರಿಸಿದ ಮೊದಲನೇ ಪ್ರೋಟೋಕಾಲಿನ 2ನೇ ವಿಧಿಯ (ಶಿಕ್ಷಣದ ಹಕ್ಕು) ಜೊತೆ ಸೇರಿಸಿಯೇ ವಾದಿಸಬೇಕು.

ಜೆಕ್ ಗಣರಾಜ್ಯದ ಒಸ್ಟ್ರಾವಾ ನಗರದ 18 ರೋಮಾ ಮಕ್ಕಳ ಪ್ರಕರಣವನ್ನು ಓದಿ. ಅವರನ್ನು ಬುದ್ಧಿಮಾಂದ್ಯರಿಗೆಂದು ಇದ್ದ ವಿಶೇಷ ಶಾಲೆಗಳಿಗೆ ಹಾಕಿದ್ದರು. ಈ ನ್ಯಾಯಾಲಯದಲ್ಲಿ 2006ರಲ್ಲಿ ಸೋತರು, 2007ರ ನವೆಂಬರ್ 13ರಂದು ಅದರ ದೊಡ್ಡ ಪೀಠವಾದ ಮಹಾಪೀಠದಲ್ಲಿ 13-4 ಮತಗಳಿಂದ ಗೆದ್ದರು. ತಾರತಮ್ಯದ ಉದ್ದೇಶವನ್ನು ಸಾಬೀತುಪಡಿಸಬೇಕಿಲ್ಲ, ನಂಬಲರ್ಹ ಅಂಕಿಅಂಶ ಸಾಕು, ಆಮೇಲೆ ಸಮರ್ಥಿಸಿಕೊಳ್ಳುವ ಹೊಣೆ ಸರ್ಕಾರದ್ದು ಎಂದಿತು ಪೀಠ. ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದೇ. ಹಾಗಾಗಿ ಶಾಲಾವಾರು ದಾಖಲಾತಿ ಅಂಕಿಗಳನ್ನು ಮೊದಲ ದಿನದಿಂದಲೇ ಕೂಡಿಹಾಕಬೇಕು.

ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ವಿಧಾನದ ತಪ್ಪಿನಿಂದ. ದೇಶದೊಳಗಿನ ಕೊನೆಯ ನ್ಯಾಯಾಲಯದವರೆಗೂ ಹೋಗಿರಬೇಕು, ತಾರತಮ್ಯದ ವಾದವನ್ನು ಅಲ್ಲಿಯೇ ಎತ್ತಿರಬೇಕು. ಅಂತಿಮ ತೀರ್ಪಿನಿಂದ ನಾಲ್ಕೇ ತಿಂಗಳ ಗಡುವು. 2022ರ ಫೆಬ್ರವರಿಗೆ ಮುಂಚೆ ಆರು ತಿಂಗಳಿತ್ತು, ಹಳೆಯ ಲೇಖನಗಳನ್ನು ನಂಬಬೇಡಿ. ನಿಗದಿತ ಅರ್ಜಿ ನಮೂನೆಗೆ ಮೂಲ ಸಹಿ ಹಾಕಿ, ತೀರ್ಪುಗಳ ಪ್ರತಿ ಲಗತ್ತಿಸಿ ಅಂಚೆಯಲ್ಲಿ ಕಳಿಸಬೇಕು. ಒಂದು ಅಂಕಣ ಖಾಲಿ ಬಿಟ್ಟರೂ ಅರ್ಜಿಯನ್ನು ಪರಿಗಣಿಸದೇ ಇರಬಹುದು, ಆಗ ಗಡುವು ನಿಲ್ಲುವುದಿಲ್ಲ. ಆದ್ದರಿಂದ ಮೂರನೇ ತಿಂಗಳೊಳಗೇ ಕಳಿಸಿ. ಶುಲ್ಕವಿಲ್ಲ, ಅರ್ಜಿ ಹಂತದಲ್ಲಿ ವಕೀಲರೂ ಕಡ್ಡಾಯವಲ್ಲ.