ಲಸಿಕೆ ಡಬ್ಬದ ಮೇಲೆ ಫುಕೆಟ್ ಯಾಕಿದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ 71 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ನಿಮ್ಮ ಅಂಕಣ ಓದಿಯೇ ಫ್ಲೂ ಲಸಿಕೆ ಹಾಕಿಸಿದೆವು. ಮೂರು ತಿಂಗಳು ಕಳೆದಿಲ್ಲ, ಮೈ ಕೆಂಡದಂಥ ಜ್ವರ. ಪರೀಕ್ಷೆ ಮಾಡಿಸಿದರೆ ಎಚ್3ಎನ್2 ಅನ್ನುವ ಫ್ಲೂ. ಐದನೇ ದಿನಕ್ಕೆ ಎದ್ದು ಓಡಾಡಿದರು ಅನ್ನಿ, ಆದರೂ ದುಡ್ಡು ದಂಡ ಅಲ್ವಾ? ಡಬ್ಬದ ಫೋಟೊ ಕಳಿಸಿದ್ದೇನೆ. ಔಷಧಿ ಹೆಸರಿಗಿಂತ ಊರುಗಳ ಹೆಸರೇ ಜಾಸ್ತಿ ಇದೆ. ನಕಲಿ ಮಾಲಾ?
– ಒಬ್ಬ ಗೃಹಿಣಿ, ತುಮಕೂರು

ಉತ್ತರ: ನಕಲಿ ಅಲ್ಲಮ್ಮ. ಫೋಟೊ ದೊಡ್ಡದು ಮಾಡಿ ನೋಡಿದೆ. ವಿಕ್ಟೋರಿಯಾ, ಥಾಯ್ಲೆಂಡ್, ಆಸ್ಟ್ರಿಯಾ, ಫುಕೆಟ್. ಟ್ರಾವೆಲ್ಸ್‌ನವರ ಪ್ಯಾಕೇಜ್ ಥರ ಕಾಣುತ್ತೆ, ನಿಜ. ಅವು ಆ ವೈರಸ್ ಮೊದಲು ಸಿಕ್ಕ ಜಾಗಗಳು. ‘ಎ/ಥಾಯ್ಲೆಂಡ್/8/2022’ ಅಂದರೆ ಎ ಜಾತಿಯ ಫ್ಲೂ, ಥಾಯ್ಲೆಂಡಿನಲ್ಲಿ ಸಿಕ್ಕಿದ್ದು, ಲ್ಯಾಬಿನವರು ಕೊಟ್ಟ ನಂಬರು 8, ವರ್ಷ 2022. ನಿಮ್ಮ ಮಾವನವರಿಗೆ ಹಾಕಿದ ಲಸಿಕೆಯಲ್ಲಿ ಎಚ್3ಎನ್2 ಪಾಲಿಗೆ ಇದ್ದದ್ದು ಇದೇ. ಅವರಿಗೆ ಬಂದದ್ದೂ ಎಚ್3ಎನ್2 ಇರಬಹುದು, ಆದರೆ 2022ರದ್ದೇ ಆಗಿರಬೇಕು ಅಂತೇನಿಲ್ಲ. ಮನೆತನ ಒಂದೇ, ಮುಖ ಬದಲಾಗಿರುತ್ತೆ.

ಯಾಕೆ ಬದಲಾಗುತ್ತೆ ಅಂದರೆ, ನಮ್ಮ ಈ ಪತ್ರಿಕೆಯಲ್ಲಿ ಪ್ರೂಫ್ ನೋಡುವವರು ಒಬ್ಬರಿದ್ದಾರೆ, ನಾನು ಎಲ್ಲಾದರೂ ಒತ್ತು ಬಿಟ್ಟರೆ ಫೋನ್ ಮಾಡಿ ಬೈತಾರೆ. ಫ್ಲೂ ವೈರಸ್‌ಗೆ ಆ ಭಾಗ್ಯ ಇಲ್ಲ. ತನ್ನ ಪ್ರತಿ ತೆಗೆಯುವಾಗ ಆದ ತಪ್ಪನ್ನು ತಿದ್ದುವ ವ್ಯವಸ್ಥೆಯೇ ಅದರಲ್ಲಿಲ್ಲ. ಎಷ್ಟೋ ತಪ್ಪುಗಳಿಂದ ವೈರಸ್ಸೇ ಕೆಟ್ಟು ಹೋಗುತ್ತೆ, ಕೆಲವು ಮಾತ್ರ ಅದಕ್ಕೆ ಅನುಕೂಲ ಆಗುತ್ತವೆ. ವೈರಸ್‌ನ ಮೈಮೇಲೆ ಹಿಮಾಗ್ಲುಟಿನಿನ್ ಅನ್ನುವ ಮುಳ್ಳುಗಳಿರುತ್ತವೆ, ಎಚ್3 ಅನ್ನುವುದರಲ್ಲಿನ ‘ಎಚ್’ ಅದೇ. ನಮ್ಮ ರಕ್ತದ ಪ್ರತಿಕಾಯಗಳು ವೈರಸ್ಸನ್ನು ಗುರುತು ಹಿಡಿಯುವುದು ಮುಖ್ಯವಾಗಿ ಆ ಮುಳ್ಳಿನ ತಲೆ ನೋಡಿ. ಎಚ್3ಎನ್2 ವೈರಸ್ 1968ರಿಂದ 2003ರವರೆಗೆ ಹೇಗೆ ಬದಲಾಯಿತು ಅಂತ ವಿಜ್ಞಾನಿಗಳು ಹುಡುಕಿದಾಗ, ದೊಡ್ಡ ಬದಲಾವಣೆಗಳಿಗೆಲ್ಲ ಆ ತಲೆಯ ಬರೀ ಏಳು ಜಾಗಗಳೇ ಕಾರಣ ಅಂತ ಗೊತ್ತಾಯಿತು. ಎಷ್ಟೋ ಸಲ ಒಂದೇ ಜಾಗ ಸಾಕಾಗಿತ್ತು.

ಇದನ್ನು ಕಣ್ಣಲ್ಲೇ ನೋಡಬಹುದು, ಅದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಪಡ್ಡಿನ ಕಾವಲಿ ಥರ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಒಂದೊಂದು ಗುಳಿಗೂ ವೈರಸ್ ಮತ್ತು ಕೆಂಪು ರಕ್ತಕಣ ಹಾಕಿದರೆ ವೈರಸ್ ಕಣಗಳನ್ನು ಒಂದಕ್ಕೊಂದು ಹೆಣೆದು ತೆಳುವಾದ ಪರದೆ ಮಾಡಿಬಿಡುತ್ತೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳಿರುವ ಸೀರಂ, ಅಂದರೆ ರಕ್ತದ ತಿಳಿ, ಮೊದಲೇ ಸೇರಿಸಿದ್ದು, ಅವು ವೈರಸ್‌ಗೆ ಸರಿಯಾಗಿ ಅಂಟಿಕೊಂಡರೆ ಪರದೆ ಆಗುವುದಿಲ್ಲ, ರಕ್ತಕಣಗಳು ತಳಕ್ಕೆ ಇಳಿದು ಅಂಗಿಯ ಗುಂಡಿಯಷ್ಟು ದುಂಡಗೆ ಕೂರುತ್ತವೆ. ಗುಂಡಿ ಕಂಡರೆ ಲಸಿಕೆ ಹೊಂದುತ್ತೆ. ಸೀರಂ ನೀರು ಬೆರೆಸುತ್ತಾ ತೆಳು ಮಾಡಿದ ಹಾಗೆ ಗುಂಡಿ ಬೇಗ ಮಾಯವಾದರೆ ವೈರಸ್ ಲಸಿಕೆಯಿಂದ ದೂರ ಸರಿದಿದೆ ಅಂತ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಯವರು ಇಂಥ ವರದಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ವರ್ಷಕ್ಕೆ ಎರಡು ಸಲ ಕೂರುತ್ತಾರೆ. ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಕ್ಕೆ. ಅಷ್ಟು ಮೊದಲೇ ಯಾಕಪ್ಪಾ ಅಂದರೆ ಲಸಿಕೆ ತಯಾರಿಗೆ ಸುಮಾರು ಆರು ತಿಂಗಳು ಬೇಕು, ಬಹುಪಾಲು ಇವತ್ತಿಗೂ ಕೋಳಿಮೊಟ್ಟೆಯಲ್ಲೇ ಬೆಳೆಸೋದು. ಆ ಆರು ತಿಂಗಳು ವೈರಸ್ ಕೈಕಟ್ಟಿ ಕೂತಿರುತ್ತಾ?

2014ರಲ್ಲಿ ಹಾಗೇ ಕೈಕೊಟ್ಟಿತು. ಫೆಬ್ರವರಿಯಲ್ಲಿ ಎಚ್3ಎನ್2 ಪಾಲಿಗೆ ಟೆಕ್ಸಾಸ್‌ನಲ್ಲಿ 2012ರಲ್ಲಿ ಸಿಕ್ಕ ವೈರಸ್ ಆರಿಸಿದರು. ಬದಲಾದ ವೈರಸ್ ಮಾರ್ಚ್‌ನಲ್ಲಿ ಕಣ್ಣಿಗೆ ಬಿತ್ತು, ಒಂದೇ ತಿಂಗಳ ಅಂತರ! ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಕಡೆ ಹರಡಿತ್ತು. ಅಷ್ಟರಲ್ಲಿ ಹಳೇ ಲಸಿಕೆ ಬಾಟಲಿ ಸೇರಿ ಆಗಿತ್ತು. ಡಿಸೆಂಬರ್ 3ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವೈದ್ಯರಿಗೆಲ್ಲ ಎಚ್ಚರಿಕೆ ಕಳಿಸಿತು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಅಲ್ಲಿ ಲಸಿಕೆಯ ಫಲ ಬರೀ ಶೇ. 19, ಅಂದರೆ ಫ್ಲೂ ಬಂದು ಡಾಕ್ಟರ ಹತ್ತಿರ ಹೋಗುವ ಸಾಧ್ಯತೆ ಅಷ್ಟೇ ಕಡಿಮೆಯಾಗಿತ್ತು. ಚೆನ್ನಾಗಿ ಹೊಂದಿದ ವರ್ಷ ಶೇ. 40ರಿಂದ 60 ಇರುತ್ತೆ. ಅಂದರೆ ಒಳ್ಳೆಯ ವರ್ಷದಲ್ಲೂ ನೂರಕ್ಕೆ ನೂರು ಅಂತ ಯಾರೂ ಮಾತು ಕೊಟ್ಟಿಲ್ಲ, ಇದನ್ನು ಲಸಿಕೆ ಹಾಕುವಾಗ ನಾವು ಡಾಕ್ಟರುಗಳು ಬಾಯಿಬಿಟ್ಟು ಹೇಳಬೇಕು, ಹೇಳಲ್ಲ. ತಪ್ಪು ನಮ್ಮದೇ.

ಇನ್ನು ಫುಕೆಟ್. ಅದು ಬಿ ಜಾತಿಯ ಯಮಗಾಟ ಅನ್ನುವ ವಂಶದ್ದು. ಆ ವಂಶ 2020ರ ಮಾರ್ಚ್ ಆದಮೇಲೆ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ, ಕೋವಿಡ್ ಕಾಲದ ಬಾಗಿಲು ಮುಚ್ಚಾಟದಲ್ಲಿ ನಿರ್ವಂಶ ಆಯಿತು ಅಂತ ಕಾಣುತ್ತೆ. ಇನ್ನು ಇದು ಬೇಕಿಲ್ಲ ಅಂತ 2023ರ ಸೆಪ್ಟೆಂಬರ್‌ನಲ್ಲೇ ಸಲಹೆ ಬಂದಿದೆ. ನಿಮ್ಮ ಡಬ್ಬದಲ್ಲಿ ಇನ್ನೂ ಇದೆ. ಬಾರದ ನೆಂಟನಿಗೆ ಎಲೆ ಹಾಕಿದ ಹಾಗೆ. ತೊಂದರೆಯೇನಿಲ್ಲ.

ದುಡ್ಡು ದಂಡವಾ? ಮಾವನವರು ಐದನೇ ದಿನಕ್ಕೆ ಎದ್ದದ್ದು ಲಸಿಕೆಯಿಂದಲೇ ಅಂತ ಒಬ್ಬರನ್ನು ನೋಡಿ ಹೇಳೋಕಾಗಲ್ಲ. ಆದರೆ ಮುಖ ಸ್ವಲ್ಪ ಬದಲಾದರೂ ಅರ್ಧಂಬರ್ಧ ಗುರುತು ಸಿಗುತ್ತೆ, 71ರ ಸಕ್ಕರೆ ಕಾಯಿಲೆಯವರಿಗೆ ಆ ಅರ್ಧವೂ ಬೇಕು. ಮುಂದಿನ ವರ್ಷವೂ ಹಾಕಿಸಿ.

ಪ್ರಶ್ನೆ: 2023ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯಲ್ಲೇ ಎಚ್3ಎನ್2ನಿಂದ ಸಾವಾಗಿತ್ತು, ಟಿವಿಯವರು ಹೊಸ ವೈರಸ್ ಅಂತ ಬಡಕೊಂಡರು. 2009ರ ಹಂದಿಜ್ವರದ ಥರದ್ದೇ ಅಲ್ವಾ ಇದು?
– ನಿವೃತ್ತ ಮೇಷ್ಟ್ರು, ಹಾಸನ

ಉತ್ತರ: ಅಲ್ಲ ಮೇಷ್ಟ್ರೇ. ಎಚ್3ಎನ್2 ನಮ್ಮ ನಡುವೆ 1968ರಿಂದ ಇದೆ, ಆಗ ಹಾಂಗ್‌ಕಾಂಗ್ ಫ್ಲೂ ಅನ್ನುತ್ತಿದ್ದರು. ಅದು ಸ್ವಲ್ಪ ಸ್ವಲ್ಪವೇ ಮುಖ ಬದಲಿಸುತ್ತಾ ಬಂದಿದೆ ಅಷ್ಟೇ. 2009ರದ್ದು ಬೇರೆ ಕಥೆ. ಫ್ಲೂ ವೈರಸ್‌ನ ಜೀನುಗಳು ಎಂಟು ತುಂಡಾಗಿರುತ್ತವೆ. ಒಂದೇ ಹಂದಿಗೆ ಎರಡು ಬಗೆಯ ಫ್ಲೂ ಅಂಟಿದರೆ ತುಂಡುಗಳು ಇಸ್ಪೀಟಿನ ಎಲೆಗಳ ಹಾಗೆ ಕಲೆಸಿಹೋಗಬಹುದು. ಹಾಗೆ ಹುಟ್ಟಿದ್ದನ್ನು ಹೆಚ್ಚಿನ ಜನರ ಮೈ ಯಾವತ್ತೂ ನೋಡಿರಲಿಲ್ಲ, ಅದಕ್ಕೇ ಜಗತ್ತನ್ನೇ ಸುತ್ತಿತು. ಅದರ ಸಂತತಿ ಈಗ ಮಾಮೂಲಿ ಫ್ಲೂ ಆಗಿ, ಪ್ರತಿ ವರ್ಷದ ಲಸಿಕೆಯಲ್ಲೂ ಜಾಗ ಹಿಡಿದಿದೆ.

ಪ್ರಶ್ನೆ: ಲಸಿಕೆಯಿಂದಲೇ ನನಗೆ ಫ್ಲೂ ಬಂತು.
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಬರಲ್ಲ. ಚುಚ್ಚುವ ಲಸಿಕೆಯಲ್ಲಿ ಜೀವ ಇರುವ ವೈರಸ್ ಇಲ್ಲ. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಇರಬಹುದು. ರಕ್ಷಣೆ ಬರೋಕೆ ಎರಡು ವಾರ ಬೇಕು, ಆ ನಡುವೆ ಬೇರೆಯವರಿಂದ ಅಂಟಿದರೆ ಪಾಪ ಲಸಿಕೆ ಏನು ಮಾಡುತ್ತೆ?

ಪ್ರಶ್ನೆ: ನಮ್ಮ ಕಡೆ ಯಾವಾಗ ಹಾಕಿಸಿಕೊಳ್ಳಬೇಕು?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮಳೆಗೆ ಮುಂಚೆ, ಏಪ್ರಿಲ್–ಮೇನಲ್ಲಿ. ನಮ್ಮ ದೇಶದ ಹೆಚ್ಚಿನ ಊರುಗಳಲ್ಲಿ ಫ್ಲೂ ಜೋರಾಗೋದು ಮಳೆಗಾಲದಲ್ಲಿ, ಶ್ರೀನಗರದಂಥ ಕಡೆ ಮಾತ್ರ ಚಳಿಗಾಲದಲ್ಲಿ. ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬ ತಿರುಗಿಸಿ ಯಾವ ವರ್ಷಕ್ಕೆ ತಯಾರಿಸಿದ್ದು ಅಂತ ಓದಿ. ಹಳೇ ವರ್ಷದ್ದಾದರೆ ಮುಲಾಜಿಲ್ಲದೆ ವಾಪಸ್ ಕೊಟ್ಟು ಹೊಸದು ತರಿಸಿ ಅನ್ನಿ.