ಎಣ್ಣೆ ಕಣ್ಣಿಗೆ ಕಾಣದಿದ್ದರೆ ಹೋಯಿತು ಅಂತಲ್ಲ

ಪ್ರಶ್ನೆ: ಮೇಡಂ, ಸಮುದ್ರದಲ್ಲಿ ಹಡಗಿನಿಂದ ಎಣ್ಣೆ ಸೋರಿದರೆ ವಿಮಾನದಿಂದ ಏನೋ ಔಷಧಿ ಸಿಂಪಡಿಸಿ ಕರಗಿಸಿಬಿಡುತ್ತಾರಂತೆ, ನಿಜಾನಾ? ಹೋದ ತಿಂಗಳು ನಮ್ಮೂರ ಕೆರೆ ಏರಿ ಹತ್ತಿರ ಡೀಸೆಲ್ ಕ್ಯಾನ್ ಉರುಳಿ ನೀರಿನ ಮೇಲೆಲ್ಲ ಬಣ್ಣ ಬಣ್ಣದ ಪದರ ಹರಡಿತ್ತು. ಹುಡುಗರು ಸೋಪಿನ ಪುಡಿ ಎರಚೋಣ ಅಂದರು, ನಾನು ಬೇಡ ಅಂದೆ. ಸರಿ ತಾನೆ?
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಸರಿಯಾಗೇ ಮಾಡಿದಿರಿ. ಆ ಹುಡುಗರಿಗೂ ಇದನ್ನು ಓದಲು ಕೊಡಿ.

ಒಂದು ಲೋಟ ನೀರಿಗೆ ಅರ್ಧ ಚಮಚ ಎಣ್ಣೆ ಹಾಕಿ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಟ್ಟು ಚೆನ್ನಾಗಿ ಕಲಕಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಎಣ್ಣೆ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಸಣ್ಣ ಸಣ್ಣ ಹನಿಯಾಗಿ ಆ ನೀರಿನೊಳಗೇ ಇದೆ. ಸಮುದ್ರಕ್ಕೆ ಸಿಂಪಡಿಸುವ ಡಿಸ್ಪರ್ಸೆಂಟ್ ಮಾಡುವುದೂ ಇಷ್ಟೇ. ಕೂದಲೆಳೆಗಿಂತ ಸಣ್ಣ ಹನಿಗಳಾದರೆ ಎಣ್ಣೆ ಮತ್ತೆ ಮೇಲಕ್ಕೆ ತೇಲಿ ಬರುವುದಿಲ್ಲ, ಅಲೆಗಳು ಅದನ್ನು ದೂರದೂರ ಹಂಚಿಬಿಡುತ್ತವೆ, ಎಣ್ಣೆಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಸಮುದ್ರದಲ್ಲಿ ಮೊದಲೇ ಇರುವುದರಿಂದ ಅವುಗಳ ಕೆಲಸವೂ ಸುಲಭವಾಗುತ್ತದೆ.

ಅಲ್ಲಿ ಕೂಡ ಇದು ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ಲೆಕ್ಕ. ಮೇಲಿರುವ ಹಕ್ಕಿ, ಆಮೆ, ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಉಳಿಯಬಹುದು, ಆದರೆ ನೀರೊಳಗಿನ ಮೀನಿನ ಮೊಟ್ಟೆ, ಮರಿಗಳಿಗೆ ಎಣ್ಣೆ ತಗಲುತ್ತದೆ. ಬೇಗನೂ ಸಿಂಪಡಿಸಬೇಕು. ಒಂದೆರಡು ದಿನ ಕಳೆದರೆ ಎಣ್ಣೆ ನೀರು ಹೀರಿ ಮಂದವಾಗಿಬಿಡುತ್ತದೆ, ಆಮೇಲೆ ಔಷಧಿ ಹಿಡಿಯುವುದೇ ಇಲ್ಲ.

1967ರಲ್ಲಿ ಟಾರಿ ಕ್ಯಾನಿಯನ್ ಅನ್ನುವ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಬಂಡೆಗೆ ಬಡಿದಾಗ ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು. ಯಂತ್ರಗಳ ಜಿಡ್ಡು ತೆಗೆಯುವಂಥ ಕಟುವಾದ ಸರಕು ಅದು. ಬಂಡೆಗೆ ಅಂಟಿಕೊಂಡು ಪಾಚಿ ಮೇಯುವ ಚಿಪ್ಪಿನ ಜೀವಿಗಳು ಸತ್ತವು, ಮೇಯುವವರಿಲ್ಲದೆ ಬಂಡೆ ಪೂರ್ತಿ ಹಸಿರು ಹಬ್ಬಿತು. ಡಿಟರ್ಜೆಂಟ್ ಜಾಸ್ತಿ ಬಿದ್ದ ಕಡೆ ದಡ ಮೊದಲಿನಂತಾಗಲು ಹತ್ತು ವರ್ಷ ದಾಟಿತು, ಹಾಕದೆ ಬಿಟ್ಟ ಕಡೆ ಬೇಗ ಚೇತರಿಸಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಈಗಿನ ಔಷಧಿಗಳು ಅಷ್ಟು ವಿಷವಲ್ಲ. ಆದರೂ 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಸಮುದ್ರದಡಿಯ ಎಣ್ಣೆ ಬಾವಿ ಸೋರಿದಾಗ ಸುಮಾರು 70 ಲಕ್ಷ ಲೀಟರ್ ಬಳಸಿದ್ದು ಸರಿಯಾ ಅನ್ನುವ ಜಗಳ ಇನ್ನೂ ನಿಂತಿಲ್ಲ.

ಇನ್ನು ನಿಮ್ಮ ಕೆರೆ. ಈ ಔಷಧಿಗಳಲ್ಲಿ ಹೆಚ್ಚಿನವು ಉಪ್ಪುನೀರಿಗೆ ಮಾಡಿದವು, ಸಿಹಿನೀರಿನಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪಿನ ಪುಡಿಯಂತೂ ಮೀನಿನ ಕಿವಿರುಗಳನ್ನೇ ಕೆಡಿಸುತ್ತದೆ. ಕೆರೆಯಲ್ಲಿ ಹಂಚಿಹೋಗಲು ಅಷ್ಟು ನೀರೆಲ್ಲಿದೆ, ಅಲೆ ಎಲ್ಲಿದೆ? ಮೇಲಿದ್ದ ಡೀಸೆಲ್ ದನ ಕುಡಿಯುವ ನೀರಿಗೆ ಇಳಿಯುತ್ತದೆ, ಅಷ್ಟೇ.

ಮೇಲೆ ತೇಲುವಷ್ಟು ಹೊತ್ತು ಅದನ್ನು ಎತ್ತಬಹುದು, ಅಲ್ವಾ? ಇನ್ನೊಮ್ಮೆ ಹೀಗಾದರೆ ಮೊದಲು ತೂಬು ಮುಚ್ಚಿಸಿ, ಗದ್ದೆಗೆ ನೀರು ಹೋಗದಿರಲಿ. ಬೀಡಿ, ಬೆಂಕಿ ಹತ್ತಿರ ಬೇಡ. ಬಾಳೆದಿಂಡುಗಳನ್ನು ಹಗ್ಗದಲ್ಲಿ ಕಟ್ಟಿ ಪದರದ ಸುತ್ತ ತೇಲಿಬಿಡಿ, ಒಳಗೆ ಒಣಹುಲ್ಲು ಹರಡಿ, ಡೀಸೆಲ್ ಹೀರಿದ ಮೇಲೆ ಕುಕ್ಕೆಯಲ್ಲಿ ಎತ್ತಿ. ಪಂಚಾಯಿತಿಗೂ ತಿಳಿಸಿ. ಆ ಹುಲ್ಲನ್ನು ತಿಪ್ಪೆಗೆ ಹಾಕಬೇಡಿ, ದನದ ಬಾಯಿಗೆ ಸಿಗದ ಹಾಗೆ ಚೀಲದಲ್ಲಿ ಕಟ್ಟಿಡಿ.