ಓದುಗರ ಪ್ರಶ್ನೆ: ಮಾನವ ಕಳ್ಳಸಾಗಣೆ ತಡೆಗೆ ಸೈನಿಕರಿಗೆ ತರಬೇತಿ ಯಾಕೆ?

ಪ್ರಶ್ನೆ: ಮಾನವ ಕಳ್ಳಸಾಗಣೆ ತಡೆಯುವುದು ಪೊಲೀಸರ ಕೆಲಸ. ಸೈನಿಕರಿಗೇಕೆ ಆ ಪಾಠ?

ಉತ್ತರ: ತನಿಖೆ ಪೊಲೀಸರದೇ, ನಿಜ. ಆದರೆ ಸೇನೆ ಬೀಡುಬಿಟ್ಟಲ್ಲಿ ಕೈಯಲ್ಲಿ ಕಾಸಿರುವ ಗಂಡಸರು ಸೇರುತ್ತಾರೆ. ಅದನ್ನು ನೋಡಿಕೊಂಡೇ ದಲ್ಲಾಳಿಗಳು ಬರುತ್ತಾರೆ. 1990ರ ದಶಕದ ಕೊನೆಗೆ, ಯುದ್ಧದ ಬಳಿಕ ಅಂತರರಾಷ್ಟ್ರೀಯ ಶಾಂತಿಪಾಲನಾ ಪಡೆಗಳು ಬೀಡುಬಿಟ್ಟಿದ್ದ ಬೋಸ್ನಿಯಾ ಮತ್ತು ಕೊಸೊವೊದಲ್ಲಿ ಆದದ್ದು ಇದೇ. ಕೆಲಸದ ಆಸೆ ತೋರಿಸಿ ಪೂರ್ವ ಯುರೋಪಿನಿಂದ ಕರೆತಂದ ಹೆಣ್ಣುಮಕ್ಕಳನ್ನು ಬಾರ್‌ಗಳಲ್ಲಿ ಕೂಡಿಹಾಕಲಾಗಿತ್ತು, ಗಿರಾಕಿಗಳಲ್ಲಿ ಅಂತರರಾಷ್ಟ್ರೀಯ ಸಿಬ್ಬಂದಿಯೂ ಇದ್ದರು. ಇಂಥ ಪ್ರಕರಣಗಳ ಬಳಿಕ 2003ರಲ್ಲಿ ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ಕಟ್ಟುನಿಟ್ಟಿನ ನಿಯಮ ತಂದಿತು. 2004ರ ಇಸ್ತಾಂಬುಲ್ ಶೃಂಗಸಭೆಯಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಒಕ್ಕೂಟವಾದ ನೇಟೊ ಕೂಡ ತನ್ನದೇ ನೀತಿ ಒಪ್ಪಿಕೊಂಡಿತು. ಹಾಗಾಗಿ ತರಬೇತಿಯ ಮೊದಲ ಮಾತೇ ಇದಾಗಬೇಕು: ರಜೆಯ ದಿನ ನೀನು ಗಿರಾಕಿಯಾಗಬೇಡ.

ಪ್ರಶ್ನೆ: ಇದು ಕಳ್ಳಸಾಗಣೆಯೇ ಎಂದು ಗುರುತಿಸುವುದು ಹೇಗೆ?

ಉತ್ತರ: ಮಾನವ ಕಳ್ಳಸಾಗಣೆ ತಡೆಗೆಂದು ವಿಶ್ವಸಂಸ್ಥೆ 2000ದಲ್ಲಿ ತಂದ ಪಲೆರ್ಮೊ ಒಪ್ಪಂದದ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ. ಒಂದು, ವ್ಯಕ್ತಿಯನ್ನು ನೇಮಿಸುವುದು, ಸಾಗಿಸುವುದು ಅಥವಾ ಇರಿಸಿಕೊಳ್ಳುವುದು; ಎರಡು, ಅದಕ್ಕೆ ಬಲ, ಬೆದರಿಕೆ, ಮೋಸ ಮುಂತಾದ ದಾರಿ ಬಳಸುವುದು; ಮೂರು, ಶೋಷಣೆಯ ಉದ್ದೇಶ. ಹದಿನೆಂಟು ತುಂಬದವರ ವಿಷಯದಲ್ಲಿ ಎರಡನೆಯದನ್ನು ಸಾಬೀತುಪಡಿಸಬೇಕಿಲ್ಲ. ಗಡಿ ದಾಟಿಸಿರಲೇಬೇಕು ಎಂಬುದು ತಪ್ಪು ಕಲ್ಪನೆ.

ಸೈನಿಕನ ಕಣ್ಣಿಗೆ ತೀರ ಹತ್ತಿರವಿದ್ದೂ ತಪ್ಪಿಹೋಗುವುದು ಶಿಬಿರದೊಳಗಿನ ಜೀತ. ಅಡುಗೆ, ಬಟ್ಟೆ ಒಗೆಯುವುದು, ಕಕ್ಕಸು ತೊಳೆಯುವುದು ಎಲ್ಲವೂ ಗುತ್ತಿಗೆ, ಉಪಗುತ್ತಿಗೆ. ಗೇಟಿನಲ್ಲಿ ದಾಖಲೆ ಕೇಳಿದಾಗ ಇಪ್ಪತ್ತು ಮಂದಿಯ ಪಾಸ್‌ಪೋರ್ಟನ್ನೂ ಮೇಸ್ತ್ರಿಯೊಬ್ಬನೇ ತನ್ನ ಚೀಲದಿಂದ ತೆಗೆದನೇ? ಅಲ್ಲೇ ಎಚ್ಚರವಾಗಬೇಕು. ಕೆಲಸ ಕೊಡಿಸಿದ ಏಜೆಂಟನಿಗೆ ಎಷ್ಟು ಕೊಟ್ಟೆ, ಆ ಸಾಲ ತೀರಿತೇ, ಹೇಳಿದ ಸಂಬಳವೇ ಬರುತ್ತಿದೆಯೇ, ಬೇಡವೆಂದರೆ ಊರಿಗೆ ಹೋಗಬಹುದೇ: ಈ ಪ್ರಶ್ನೆಗಳಿಗೆ ಸಿಗುವ ಉತ್ತರ ಮೈಮೇಲಿನ ಗಾಯಕ್ಕಿಂತ ಹೆಚ್ಚು ಹೇಳುತ್ತದೆ. 2006ರಲ್ಲಿ ಇರಾಕ್‌ನಲ್ಲಿ, ಕೆಲಸಗಾರರ ಪಾಸ್‌ಪೋರ್ಟ್ ವಾಪಸ್ ಕೊಡಿ ಎಂದು ಅಮೆರಿಕದ ಸೇನಾ ನಾಯಕತ್ವ ಗುತ್ತಿಗೆದಾರರಿಗೆ ಆದೇಶಿಸಬೇಕಾಯಿತು. ನೇಮಕಾತಿ ಶುಲ್ಕ ವಸೂಲಿ ಮಾಡುವುದನ್ನೂ ಗುರುತಿನ ದಾಖಲೆ ಕಿತ್ತಿಟ್ಟುಕೊಳ್ಳುವುದನ್ನೂ ಅಮೆರಿಕದ ಸರ್ಕಾರಿ ಗುತ್ತಿಗೆ ನಿಯಮಗಳು ಈಗ ನಿಷೇಧಿಸಿವೆ.

ಪ್ರಶ್ನೆ: ಅನುಮಾನ ಬಂದರೆ ಸೈನಿಕ ನುಗ್ಗಿ ಬಿಡಿಸಬಾರದೇ?

ಉತ್ತರ: ಬೇಡ. ಒಬ್ಬಳನ್ನು ಹೊರತರುವಷ್ಟರಲ್ಲಿ ಉಳಿದವರನ್ನು ಬೇರೆಡೆ ಸಾಗಿಸಿಬಿಡುತ್ತಾರೆ, ಸಾಕ್ಷ್ಯವೂ ಹೋಗುತ್ತದೆ. ಮೇಸ್ತ್ರಿಯ ಎದುರು ಪ್ರಶ್ನೆ ಕೇಳಬೇಡಿ. ಅವನೇ ಒದಗಿಸಿದ ದುಭಾಷಿಯನ್ನಂತೂ ನಂಬಲೇಬೇಡಿ. ಸಮಯ, ಜಾಗ, ವಾಹನದ ಸಂಖ್ಯೆ, ಎಷ್ಟು ಮಂದಿ, ಕಿವಿಗೆ ಬಿದ್ದ ಮಾತು, ಇವನ್ನು ಇದ್ದಂತೆಯೇ ಅಂದೇ ಬರೆದಿಟ್ಟು ಮೇಲಧಿಕಾರಿಗೆ ಮತ್ತು ಸೇನಾ ಪೊಲೀಸರಿಗೆ ತಿಳಿಸಿ. ಮೇಲಧಿಕಾರಿಯ ಮೇಲೆಯೇ ಅನುಮಾನವಿದ್ದರೆ ಅವರನ್ನು ಬಿಟ್ಟು ದೂರು ಕೊಡುವ ದಾರಿ ಯಾವುದೆಂದು ತರಬೇತಿಯಲ್ಲೇ ಹೇಳಿಕೊಟ್ಟಿರಬೇಕು. ಪ್ರಾಣಾಪಾಯ ಕಣ್ಣೆದುರಿದ್ದರೆ ಮಾತ್ರ ಬರೆಯುತ್ತ ಕೂರದೆ ತಕ್ಷಣ ನೆರವು ಕರೆಸಿ.

"ನನಗೇನೂ ತೊಂದರೆಯಿಲ್ಲ" ಎಂದು ಸಂತ್ರಸ್ತರೇ ಹೇಳುವುದುಂಟು. ಸಾಲ ಇನ್ನೂ ತಲೆಯ ಮೇಲಿರುತ್ತದೆ, ಊರಿನಲ್ಲಿರುವ ಮಕ್ಕಳ ಹೆಸರೆತ್ತಿ ಬೆದರಿಸಿರುತ್ತಾರೆ. ಅಷ್ಟಕ್ಕೇ ವರದಿ ಕೈಬಿಡಬೇಡಿ. ಅಕ್ರಮ ವಲಸಿಗರೆಂದು ಅವರನ್ನೇ ಹಿಡಿದು ಗಡೀಪಾರು ಮಾಡುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ವರ್ಷಕ್ಕೊಂದು ಪಾಠ ಸಾಕೇ?

ಉತ್ತರ: ಸಾಲದು. ವ್ಯಾಖ್ಯೆ ಬಾಯಿಪಾಠವಾದವರೂ ಗೇಟಿನಲ್ಲಿ ತಡಬಡಾಯಿಸುತ್ತಾರೆ. ಆರೆಂಟು ಜನರ ಗುಂಪಿನಲ್ಲಿ ಒಬ್ಬ ಮೇಸ್ತ್ರಿ, ಒಬ್ಬ ಕೆಲಸಗಾರ, ಒಬ್ಬ ಕಾವಲಿನವನಾಗಿ ಅಭಿನಯಿಸಿ ಅಭ್ಯಾಸ ಮಾಡಿಸಬೇಕು. ಗುತ್ತಿಗೆಗೆ ಸಹಿ ಹಾಕುವ ಅಧಿಕಾರಿಗಳಿಗೆ ಪಾಠವೇ ಬೇರೆ: ಸಂಬಳದ ಪಟ್ಟಿ ತಾಳೆ ನೋಡುವುದು, ಕೆಲಸಗಾರರು ಮಲಗುವ ಕೋಣೆಯನ್ನು ಮುನ್ಸೂಚನೆಯಿಲ್ಲದೆ ಹೋಗಿ ನೋಡುವುದು, ತೀರ ಕಡಿಮೆ ದರದ ಟೆಂಡರ್ ಬಂದಾಗ ಆ ಉಳಿತಾಯ ಯಾರ ಕೂಲಿಯಿಂದ ಬಂತೆಂದು ಕೇಳುವುದು.